ಬೆನ್ನಿನ ನೀರು ತೆಗೆದರೆ ಸೊಂಟ ಬೀಳುತ್ತಾ?

[ಸಿಂಧನೂರು. ಎಡದಂಡೆ ಕಾಲುವೆಯ ದಂಡೆ, ಹಿಂದೆ ಭತ್ತದ ಗದ್ದೆ]

ನಮಸ್ಕಾರ. ಹೋದ ವರ್ಷ ನಮ್ಮ ಮಾವನಿಗೆ ಭೇದಿ ಹತ್ತಿತ್ತು. ಅದು ವಾಸಿಯಾಗಿ ಎರಡು ವಾರಕ್ಕೆ ಕಾಲಲ್ಲಿ ಶಕ್ತಿಯೇ ಇಲ್ಲ, ಚಪ್ಪಲಿ ಜಾರಿ ಹೋದರೂ ಗೊತ್ತಾಗುತ್ತಿರಲಿಲ್ಲ. ಬಳ್ಳಾರಿಗೆ ಕರ್ಕೊಂಡು ಹೋದೆವು. ಡಾಕ್ಟರು ಬೆನ್ನಿನ ನೀರು ತೆಗೆಯಬೇಕು ಅಂದರು. ಅತ್ತೆ ಅಳೋಕೆ ಶುರು: "ನೀರು ತಗದ್ರ ಸೊಂಟ ಬಿದ್ದು ಹೋಗತದಂತ, ಬ್ಯಾಡ್ರಿ ಸರ!"

ಬೀಳಲ್ಲ. ಬೆನ್ನುಹುರಿ ಸೊಂಟದ ಮೇಲೇ ಮುಗಿಯುತ್ತೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಮಿದುಳು, ಬೆನ್ನುಹುರಿಯ ಸುತ್ತ ಇರುವ ಈ ನೀರು ದೊಡ್ಡವರ ಮೈಯಲ್ಲಿ ಒಟ್ಟು ಸುಮಾರು 150 ಎಂಎಲ್, ಆದರೆ ದಿನಕ್ಕೆ 500 ಎಂಎಲ್‌ನಷ್ಟು ಹೊಸದಾಗಿ ಹುಟ್ಟುತ್ತೆ. ಹತ್ತು ಎಂಎಲ್ ತೆಗೆದರೆ ಅರ್ಧ ಗಂಟೆಯ ಬಾಬ್ತು ಅಷ್ಟೇ. ಕೆಲವರಿಗೆ ಒಂದೆರಡು ದಿನ ತಲೆನೋವು ಬರುತ್ತೆ, ಅದು ಸುಳ್ಳಲ್ಲ.

[ರಿಪೋರ್ಟಿನ ಕ್ಲೋಸಪ್]

ಪ್ರೋಟೀನ್ 110. ಸಾಮಾನ್ಯವಾಗಿ 45ರೊಳಗೆ ಇರಬೇಕು. ಬಿಳಿ ರಕ್ತಕಣ ಮಾತ್ರ ಎರಡೇ ಎರಡು. ಮಿದುಳಿಗೆ ಟಿಬಿ ಆಗಿದ್ದರೆ ಕಣಗಳೂ ಏರಬೇಕಿತ್ತು. ಪ್ರೋಟೀನ್ ಏರಿ ಕಣ ಏರದಿದ್ದರೆ ಡಾಕ್ಟರಿಗೆ ಮೊದಲು ನೆನಪಾಗುವುದು ಜಿಬಿಎಸ್, ಅಂದರೆ ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ನರಗಳ ಮೇಲೆ ತಿರುಗಿ ಬೀಳುವ ಕಾಯಿಲೆ. 1916ರಲ್ಲಿ ಫ್ರಾನ್ಸಿನ ಡಾಕ್ಟರುಗಳು ಇಬ್ಬರು ಸೈನಿಕರಲ್ಲಿ ಕಂಡಿದ್ದು ಇದನ್ನೇ. ಮೊದಲ ವಾರದಲ್ಲಿ ಪ್ರೋಟೀನ್ ನಾರ್ಮಲ್ ಬರಬಹುದು, ಅಷ್ಟಕ್ಕೇ ಕಾಯಿಲೆ ಇಲ್ಲ ಅಂತ ಮನೆಗೆ ಹೊರಡಬೇಡಿ.

ಹಾಗಾದರೆ ಪ್ರೋಟೀನ್ ಕಮ್ಮಿ ಇದ್ದರೆ ಒಳ್ಳೇದಾ? ಮಜಾ ಇರೋದೇ ಇಲ್ಲಿ. ಮರೆವಿನ ಕಾಯಿಲೆ ಆಲ್‌ಝೈಮರ್ಸ್‌ನಲ್ಲಿ ಅಮೈಲಾಯ್ಡ್ 42 ಅನ್ನೋ ಪ್ರೋಟೀನ್ ಬೆನ್ನಿನ ನೀರಲ್ಲಿ ಇಳಿಯುತ್ತೆ. ಯಾಕೆ? ನಮ್ಮ ತುಂಗಭದ್ರಾ ಡ್ಯಾಮನ್ನೇ ನೋಡಿ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105ಕ್ಕೆ ಬಂದಿದೆ, ಎಲ್ಲಾ ಹೂಳು. ಮಣ್ಣು ಡ್ಯಾಮಲ್ಲೇ ಕೂತಷ್ಟೂ ಕಾಲುವೆಗೆ ಬರೋದು ತಿಳಿನೀರು, ಅಲ್ವಾ? ಅಮೈಲಾಯ್ಡ್ ಕೂಡ ಮಿದುಳಲ್ಲೇ ಹೂಳಾಗಿ ಕೂತಿರುತ್ತೆ, ಅದಕ್ಕೇ ಕೆಳಗೆ ಕಮ್ಮಿ. ಟೌ ಅನ್ನೋ ಇನ್ನೊಂದು ಪ್ರೋಟೀನ್ ಮಾತ್ರ ಏರುತ್ತೆ. ಒಂದು ಇಳಿದು ಇನ್ನೊಂದು ಏರಿದಾಗ ಅನುಮಾನ ಗಟ್ಟಿಯಾಗುತ್ತೆ.

2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇದಕ್ಕೆ ರಕ್ತಪರೀಕ್ಷೆಯೊಂದಕ್ಕೂ ಒಪ್ಪಿಗೆ ಸಿಕ್ಕಿದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲ್ಲ. ಅಮೈಲಾಯ್ಡ್‌ಗೆ ಅಂಟುವ ಚಟ. ಗಾಜಿನ ಟ್ಯೂಬಿಗೆ ಹಾಕಿದರೆ ಗೋಡೆಗೇ ಹತ್ತಿಕೊಂಡು, ರಿಪೋರ್ಟಲ್ಲಿ ಸುಮ್ನೆ ಕಮ್ಮಿ ತೋರಿಸುತ್ತೆ. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಟ್ಯೂಬೇ ಬೇಕು. ಸ್ಯಾಂಪಲ್ ಬೆಂಗಳೂರಿನ ಬಸ್ಸು ಹತ್ತೋ ಮುಂಚೆ, ಯಾವ ಟ್ಯೂಬಲ್ಲಿ ಹಾಕಿದ್ರಿ ಅಂತ ಒಂದ್ಸಲ ಕೇಳಿ.