ಕೂದಲು ಉದುರೋದು, ನಿದ್ದೆ ಕೆಡೋದು: ಎರಡಕ್ಕೂ ನಂಟಿದ್ಯಾ?

ಕೇಳುಗರೇ ನಮಸ್ಕಾರ. ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ನೋಡಿದ್ರೆ ಬಾಚಣಿಗೆ ತುಂಬ ಕೂದಲು. ಎರಡೂ ಒಟ್ಟಿಗೆ ಶುರುವಾದ್ರೆ ಸುತ್ತಮುತ್ತ ಇರೋರೆಲ್ಲ ಹೇಳೋದು ಒಂದೇ ಮಾತು, ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ ಅಂತ. ಟೆನ್ಶನ್ನೂ ಇರಬಹುದು, ಇಲ್ಲ ಅನ್ನಲ್ಲ, ಆದ್ರೆ ಅಷ್ಟಕ್ಕೇ ಬಿಟ್ಬಿಟ್ರೆ ಒಂದು ಬ್ಲಡ್ ಟೆಸ್ಟಲ್ಲಿ ಸಿಗಬಹುದಾಗಿದ್ದ ಕಾರಣ ಕೂಡ ಕೈತಪ್ಪಿ ಹೋಗುತ್ತೆ.

ಕೂದಲು ಉದುರೋದೆಲ್ಲ ಆಟೋಇಮ್ಯೂನ್, ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ದಾಳಿ ಮಾಡೋ ಕಾಯಿಲೆ, ಅಲ್ಲ. ವಂಶದಿಂದ ಬರೋ ಬೋಳುತಲೆ ಬೇರೆ, ಜೋರು ಜ್ವರ ಬಂದೋ ಹೆರಿಗೆ ಆಗಿಯೋ ಎರಡು ಮೂರು ತಿಂಗಳಿಗೆ ತಲೆತುಂಬ ಉದುರೋದು ಬೇರೆ. ಆದ್ರೆ ನಾಣ್ಯ ಇಟ್ಟು ಗೆರೆ ಎಳೆದ ಹಾಗೆ ದುಂಡಗೆ, ನುಣ್ಣಗೆ ಪ್ಯಾಚ್ ಬೀಳುತ್ತಲ್ಲ, ಅಲೋಪೇಶಿಯಾ ಏರಿಯೇಟಾ, ಅದು ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕೆಲಸ. ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳು ಕೂದಲಿನ ಬುಡಕ್ಕೆ ಮುತ್ತಿಗೆ ಹಾಕ್ತವೆ.

ನಿದ್ದೆ ಕಡೆ ಇದಕ್ಕೆ ಹತ್ತಿರದ ಉದಾಹರಣೆ ನಾರ್ಕೊಲೆಪ್ಸಿ ಟೈಪ್ 1. ಹಗಲಲ್ಲೇ ತಡೆಯೋಕಾಗದ ನಿದ್ದೆ, ಜೋರಾಗಿ ನಕ್ರೆ ಮಂಡಿ ಕುಸಿದುಹೋಗೋದು. ನಮ್ಮನ್ನ ಎಚ್ಚರವಾಗಿಡೋ ಒರೆಕ್ಸಿನ್ ಅನ್ನೋ ರಾಸಾಯನಿಕ ಗೊತ್ತಾಗಿದ್ದು 1998ರಲ್ಲಿ, ಈ ಕಾಯಿಲೆ ಇರೋರ ಮೆದುಳಲ್ಲಿ ಅದನ್ನ ತಯಾರಿಸೋ ಜೀವಕೋಶಗಳೇ ಹೆಚ್ಚುಕಮ್ಮಿ ಖಾಲಿ, ಜೊತೆಗೆ ಇಂಥವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನಕ್ಕೆ ರೋಗನಿರೋಧಕ ವ್ಯವಸ್ಥೆಗೆ ಸೇರಿದ, ಒಂದೇ ನಮೂನೆಯ ಎಚ್‌ಎಲ್‌ಎ ಜೀನ್ ಇರುತ್ತೆ, ಅದಕ್ಕೇ ಇದೂ ಆಟೋಇಮ್ಯೂನ್ ಅನ್ನೋ ಅನುಮಾನ ಬಲವಾಗಿದೆ. ಒಂದು ದೊಡ್ಡ ವ್ಯತ್ಯಾಸ ಇದೆ ಆದ್ರೂ: ಅಲೋಪೇಶಿಯಾದಲ್ಲಿ ಕೂದಲಿನ ಬುಡ ಸಾಯಲ್ಲ, ದಾಳಿ ನಿಂತ್ರೆ ವರ್ಷಗಳಾದ್ಮೇಲೂ ಕೂದಲು ವಾಪಸ್ ಬರಬಹುದು. ಮೆದುಳಿನ ಆ ಕೋಶಗಳು ಹೋದ್ರೆ ಹೋದ್ವು.

ಹಾಗಂತ ಪ್ಯಾಚ್ ಇರೋರಿಗೆಲ್ಲ ನಾರ್ಕೊಲೆಪ್ಸಿ ಬರುತ್ತೆ ಅಂತಲ್ಲ ಮತ್ತೆ! ತೈವಾನಲ್ಲಿ ಆರೋಗ್ಯ ವಿಮೆ ದಾಖಲೆ ನೋಡಿ ಮಾಡಿದ ಅಧ್ಯಯನದಲ್ಲಿ ಅಲೋಪೇಶಿಯಾ ಇದ್ದೋರಿಗೆ ನಿದ್ದೆ ತೊಂದರೆ ಜಾಸ್ತಿ, ನಿದ್ದೆ ತೊಂದರೆ ಇದ್ದೋರಿಗೆ ಅಲೋಪೇಶಿಯಾ ಜಾಸ್ತಿ ಅಂತ ಕಂಡಿದೆ. ಎರಡೂ ಜೊತೆಗಿವೆ ಅಷ್ಟೇ, ಯಾವುದು ಯಾವುದನ್ನ ತಂತು ಅನ್ನೋದಕ್ಕೆ ಇದು ಸಾಕ್ಷಿ ಆಗಲ್ಲ.

ನನ್ನ ಪ್ರಕಾರ ಮೊದಲು ಹುಡುಕಬೇಕಾದ್ದು ಮಧ್ಯದಲ್ಲಿ ಕೂತಿರೋ ಮೂರನೆಯದನ್ನ. ಥೈರಾಯ್ಡೇ ತಗೊಳ್ಳಿ, ಹಾಶಿಮೋಟೊ ಅನ್ನೋ ಆಟೋಇಮ್ಯೂನ್ ಕಾಯಿಲೆಯಲ್ಲಿ ಥೈರಾಯ್ಡ್ ಮಂದ ಆಗುತ್ತೆ, ಕೂದಲೂ ತೆಳ್ಳಗಾಗುತ್ತೆ, ಎಷ್ಟು ಮಲಗಿದ್ರೂ ಸುಸ್ತು ಹೋಗಲ್ಲ, ಅಲೋಪೇಶಿಯಾ ಇರೋರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚೇ ಕಾಣಿಸುತ್ತೆ. ಇನ್ನೊಂದು ಕಬ್ಬಿಣ. ಸೀಲಿಯಾಕ್, ಅಂದ್ರೆ ಗೋಧಿಯಲ್ಲಿರೋ ಗ್ಲುಟನ್‌ನಿಂದ ಕರುಳು ಕೆಡೋ ಆಟೋಇಮ್ಯೂನ್ ಕಾಯಿಲೆ ಇದ್ರೆ, ಕರುಳು ಕಬ್ಬಿಣ ಸರಿಯಾಗಿ ಹೀರ್ಕೊಳ್ಳಲ್ಲ, ಕಬ್ಬಿಣ ಇಳಿದ್ರೆ ಕೂದಲೂ ಉದುರಬಹುದು, ರಾತ್ರಿ ಮಲಗಿದ ತಕ್ಷಣ ಕಾಲು ಆಡಿಸ್ತಾನೇ ಇರ್ಬೇಕು ಅನ್ಸೋ ರೆಸ್ಟ್‌ಲೆಸ್ ಲೆಗ್ಸೂ ಶುರುವಾಗಬಹುದು.

ಹಾಗಾಗಿ ಡಾಕ್ಟರ ಹತ್ರ ಹೋದಾಗ ಕೂದಲಿನ ಜೊತೆ ನಿದ್ದೆ ವಿಷಯಾನೂ ಹೇಳಿ, ಗೊರಕೆ ಹೊಡೀತೀರಾ, ಕಾಲು ಎಳೆಯುತ್ತಾ, ಹಗಲು ತೂಕಡಿಕೆ ಬರುತ್ತಾ, ಎಲ್ಲಾ. ಥೈರಾಯ್ಡ್ ನೋಡೋ ಟಿಎಸ್‌ಎಚ್, ದೇಹದ ಕಬ್ಬಿಣದ ದಾಸ್ತಾನು ನೋಡೋ ಫೆರಿಟಿನ್ ಟೆಸ್ಟ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಜೋರಾದ ಅಲೋಪೇಶಿಯಾಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಬ್ಯಾರಿಸಿಟಿನಿಬ್ ಥರದ ಮಾತ್ರೆ ಇವೆ ನಿಜ, ಆದ್ರೆ ಅವು ಇಮ್ಯೂನಿಟಿನೇ ತಗ್ಗಿಸೋ ಔಷಧಿ, ನಿಲ್ಲಿಸಿದ್ರೆ ಬಹಳ ಜನಕ್ಕೆ ಕೂದಲು ಮತ್ತೆ ಉದುರುತ್ತೆ, ಯಾರೋ ತಗೊಂಡ್ರು ಅಂತ ನೀವೂ ತಂದು ನುಂಗೋ ಮಾತ್ರೆ ಅಲ್ಲ ಅದು.