ಬೀದರಿನ ತೋಪು, ತೇಜಸ್ಸಿನ ಎಂಜಿನ್

ಈಗ ನೀವು ನೋಡುತ್ತಿರುವುದು ಬೀದರ್ ಕೋಟೆಯ ಕಂದಕ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ತೋಡಿದ್ದಾರೆ. ಈ ಬದಿಯಲ್ಲಿ ಮೂರು ಸಾಲು ಕಂದಕಗಳಿವೆ. ನಡುವಿನ ಬಂಡೆಯನ್ನು ಗೋಡೆಯಂತೆ ಹಾಗೆಯೇ ಬಿಟ್ಟಿದ್ದಾರೆ. ಏಣಿ ಹಿಡಿದು ಬರುವ ಸೈನ್ಯದ ಪಾಲಿಗೆ ಇದು ದುರ್ಗಮವೇ ಸರಿ.

ಆದರೆ ಕೋಟೆಗೋಡೆಯನ್ನು ಏಣಿಯಿಲ್ಲದೆ ಗೆಲ್ಲುವ ವಿದ್ಯೆ ಇದೇ ಬೀದರಿನ ಸೇನೆಯ ಕೈಗೆ ಮೊದಲು ಬಂದಿತ್ತು. 1472ರಲ್ಲಿ ಬಹಮನಿಗಳು ಬೆಳಗಾವಿಗೆ ಮುತ್ತಿಗೆ ಹಾಕಿದಾಗ ಅವರ ಪ್ರಧಾನಮಂತ್ರಿ ಮಹಮೂದ್ ಗವಾನ್ ಗೋಡೆಯ ಬುಡಕ್ಕೆ ಸುರಂಗ ತೋಡಿಸಿ, ಮದ್ದು ತುಂಬಿಸಿ ಸಿಡಿಸಿದರು. ದಖ್ಖನಿನ ಮಟ್ಟಿಗೆ ಅದು ಹೊಸ ಅಸ್ತ್ರ. ಅದರ ಮೇಲುಗೈ ಎಷ್ಟು ಕಾಲ ಉಳಿಯಿತು? ಮದ್ದಿನ ವಿದ್ಯೆ ನೆರೆಯವರಿಗೆಲ್ಲ ಹಬ್ಬಿತು. 1650ರ ದಶಕದಲ್ಲಿ ಔರಂಗಜೇಬ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಮೊಗಲರ ಕಡೆಯಿಂದ ಹಾರಿಬಂದ ಕಿಡಿಯೊಂದು ಬುರುಜಿನ ಬಳಿ ಕೂಡಿಟ್ಟಿದ್ದ ಮದ್ದಿಗೆ ತಗುಲಿತು. ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಮಾರಣಾಂತಿಕವಾಗಿ ಗಾಯಗೊಂಡರು. ತಿಂಗಳೊಳಗೆ ಕೋಟೆ ಕೈಬಿಟ್ಟಿತು. ಕಾಪಾಡಲೆಂದು ಕೂಡಿಟ್ಟ ಮದ್ದೇ ಶತ್ರುವಿಗೆ ದಾರಿ ಬಿಡಿಸಿಕೊಟ್ಟಿತು.

ಹೊಸ ಅಸ್ತ್ರದ ಮೇಲುಗೈ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಮೊದಲು ಅದು ಶತಮಾನಗಳ ಲೆಕ್ಕದಲ್ಲಿ ಕರಗುತ್ತಿತ್ತು. ಅಮೆರಿಕ 1945ರಲ್ಲಿ ಅಣುಬಾಂಬ್ ಮಾಡಿದರೆ ಸೋವಿಯತ್ ಒಕ್ಕೂಟ ನಾಲ್ಕೇ ವರ್ಷದಲ್ಲಿ, 1949ರಲ್ಲಿ ಮಾಡಿ ತೋರಿಸಿತು. 1998ರ ಮೇ 11 ಮತ್ತು 13ರಂದು ನಾವು ಪೋಖ್ರಾನಿನಲ್ಲಿ ಪರೀಕ್ಷೆ ನಡೆಸಿದೆವು. ಅದೇ 28ರಂದು ಪಾಕಿಸ್ತಾನ ಚಾಗೈಯಲ್ಲಿ ನಡೆಸಿತು. ಮರುವರ್ಷವೇ ಕಾರ್ಗಿಲ್. ಅಣ್ವಸ್ತ್ರ ದೊಡ್ಡ ಯುದ್ಧವನ್ನು ತಡೆದಿರಬಹುದು, ಗುಡ್ಡದ ಮೇಲಿನ ಯುದ್ಧವನ್ನು ತಡೆಯಲಿಲ್ಲ. ಈಗಂತೂ ಉಕ್ರೇನಿನ ಯುದ್ಧಭೂಮಿಯಲ್ಲಿ ಅಗ್ಗದ ಡ್ರೋನ್‌ಗಳು ಕೋಟಿಗಟ್ಟಲೆ ಬೆಲೆಯ ಟ್ಯಾಂಕ್‌ಗಳನ್ನು ಸುಡುತ್ತಿವೆ. 2025ರ ಮೇ ತಿಂಗಳಿನಲ್ಲಿ ನಮ್ಮ ಗಡಿಯ ಮೇಲೂ ಡ್ರೋನ್‌ಗಳು ಹಾರಾಡಿದವು.

ಹಾಗಾದರೆ ದೇಶಕ್ಕೆ ಬಹುಕಾಲದ ಭದ್ರತೆ ಕೊಡುವುದು ಯಾವುದು? ಅಸ್ತ್ರ ಹಳತಾದ ದಿನ ಇನ್ನೊಂದನ್ನು ಮಾಡಬಲ್ಲ ಕೈಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ತೋಪಿನ ಹತ್ತಿರ ಬನ್ನಿ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಅವುಗಳ ಸುತ್ತ ಬಳೆಗಳನ್ನು ಬಿಗಿದಿದ್ದಾರೆ. ಬೆರಳಾಡಿಸಿದರೆ ಒಂದೊಂದು ಬಳೆಯ ಏಣೂ ಸಿಗುತ್ತದೆ. ಎಂಥ ಕಸುಬು! ಇಂದು ಊರಿನಲ್ಲಿ ತೋಪು ಕಟ್ಟುವವರಿಲ್ಲ. ಬಿದರಿ ಕುಸುರಿ ಮಾತ್ರ ಉಳಿದಿದೆ. ಸತುವು ಹೆಚ್ಚು, ತಾಮ್ರ ಕಡಿಮೆ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಇದೇ ಕೋಟೆಯ ಮಣ್ಣು ಹಾಕಿ ಕಪ್ಪು ಬರಿಸುವ ಆ ವಿದ್ಯೆ ಗುರುವಿನಿಂದ ಶಿಷ್ಯನಿಗೆ ದಾಟುತ್ತಲೇ ಬಂದದ್ದರಿಂದ ಉಳಿಯಿತು.

ಮೇಲೆ ಸದ್ದು ಕೇಳಿಸುತ್ತಿದೆಯಲ್ಲ, ಅದು ಬೀದರ್ ವಾಯುನೆಲೆಯ ಹಾಕ್ ವಿಮಾನ. ನಮ್ಮ ಯುದ್ಧವಿಮಾನ ಪೈಲಟ್‌ಗಳು ಪಳಗುವುದು ಇದರಲ್ಲೇ. ವಿನ್ಯಾಸ ಬ್ರಿಟನ್ನಿನದು, ಬಹುಪಾಲು ವಿಮಾನಗಳ ತಯಾರಿಕೆ ಬೆಂಗಳೂರಿನ ಎಚ್‌ಎಎಲ್‌ನದು. ತೇಜಸ್ ನಮ್ಮದೇ ವಿನ್ಯಾಸ; 2001ರಲ್ಲಿ ಮೊದಲು ಹಾರಿತು. ಆದರೆ ಅದರ ಎಂಜಿನ್ ಅಮೆರಿಕದ್ದು. 83 ವಿಮಾನಗಳಿಗೆ 2021ರಲ್ಲಿ ಒಪ್ಪಂದವಾಯಿತು, ಅವುಗಳ ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. 1965ರ ಯುದ್ಧದ ನಡುವೆ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರ ಪೂರೈಕೆ ನಿಲ್ಲಿಸಿದ್ದನ್ನು ಮರೆಯಲಾದೀತೆ? ನಮ್ಮದೇ ಕಾವೇರಿ ಎಂಜಿನ್ನಿನ ಯೋಜನೆಗೆ 1989ರಲ್ಲೇ ಮಂಜೂರಾತಿ ಸಿಕ್ಕಿತ್ತು. ತೇಜಸ್ಸಿಗೆ ಬೇಕಾದಷ್ಟು ನೂಕುಬಲ ಅದರಿಂದ ಬರಲಿಲ್ಲ. ಕೆಂಡದಂತೆ ಕಾದ ಗಾಳಿಯಲ್ಲಿ ಕರಗದೆ, ಸೀಳದೆ ತಿರುಗುವ ಟರ್ಬೈನ್ ಅಲಗನ್ನು ಎರಕ ಹೊಯ್ಯುವುದು ಜಗತ್ತಿನ ಬೆರಳೆಣಿಕೆಯ ದೇಶಗಳಿಗೆ ಮಾತ್ರ ಒಲಿದ ವಿದ್ಯೆ. ಅದನ್ನು ಹಣ ಕೊಟ್ಟರೂ ಯಾರೂ ಸುಲಭವಾಗಿ ಕಲಿಸುವುದಿಲ್ಲ.

ಈಗ ಗವಾನ್ ಅವರ ಮದರಸಾಕ್ಕೆ ಬಂದಿದ್ದೇವೆ. ಬೆಳಗಾವಿಯ ಮುತ್ತಿಗೆಯ ಹೊತ್ತಿಗೇ ಮುಗಿದ ಕಟ್ಟಡವಿದು. ಒಂದು ಮಿನಾರಿನ ಮೇಲೆ ನೀಲಿ ಹೆಂಚುಗಳು ಇನ್ನೂ ಹೊಳೆಯುತ್ತಿವೆ. ಇನ್ನೊಂದು ಮಿನಾರ್ ಇಲ್ಲ, ಮುಂಭಾಗದ ಅರ್ಧವೂ ಇಲ್ಲ. ಮೊಗಲರ ಕಾಲದಲ್ಲಿ ಓದುವ ಕೋಣೆಗಳಲ್ಲಿ ಮದ್ದು ತುಂಬಿಟ್ಟರು. 17ನೇ ಶತಮಾನದ ಕೊನೆಯಲ್ಲಿ ಅದು ಸ್ಫೋಟಿಸಿತು. ಇಲ್ಲಿ ನಿಂತರೆ ನನಗೆ ಹೊಟ್ಟೆ ಉರಿಯುತ್ತದೆ.

ಕ್ಷಿಪಣಿ, ಡ್ರೋನ್ ಎಲ್ಲವೂ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅವುಗಳ ಖರೀದಿಯ ಸುದ್ದಿ ಬಂದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಕಾಲೇಜಿನ ಲೋಹಶಾಸ್ತ್ರದ ಪ್ರಯೋಗಾಲಯದಲ್ಲಿ ಕುಲುಮೆ ಕೆಟ್ಟು ನಿಂತರೆ ಕೇಳುವವರಿಲ್ಲ. ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ಪ್ರಯೋಗಾಲಯದಲ್ಲಿ ಏನಿದೆ, ಏನಿಲ್ಲ, ಬರೆದು ಕಳುಹಿಸಿ. ಮುಂದಿನ ವಿಡಿಯೋ ಅದರ ಬಗ್ಗೆಯೇ ಮಾಡುತ್ತೇನೆ.