ಹ್ಯಾಂಡಲ್ ಬಲಕ್ಕೆ ತಿರುಗಿಸಿದಾಗ ಮಾತ್ರ ನಿಲ್ಲುತ್ತಿದ್ದ ಗಾಡಿ

ನಮಸ್ಕಾರ. ಇವತ್ತು ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಗಾಡಿಯ ಕಥೆ ಹೇಳುತ್ತೇನೆ. 150 ಸಿಸಿ ಬೈಕ್. ನಾನು ಕೊಂಡಾಗ ಅದಕ್ಕೆ 11 ವರ್ಷ. ತುಮಕೂರಿನಲ್ಲಿ ಪರಿಚಯದವರೊಬ್ಬರ ಹತ್ತಿರ ತೆಗೆದುಕೊಂಡೆ. ಆರ್‌ಸಿ ಸರಿ ಇತ್ತು, ಟಯರ್ ಚೆನ್ನಾಗಿತ್ತು, ಒಂದೇ ಕಿಕ್‌ಗೆ ಸ್ಟಾರ್ಟ್ ಆಯಿತು. ಖುಷಿಯಿಂದ ಮನೆಗೆ ತಂದೆ.

ಎರಡನೇ ವಾರದಿಂದ ಕಾಟ ಶುರುವಾಯಿತು. ಹೋಗುತ್ತಾ ಹೋಗುತ್ತಾ ಟಕ್ ಎಂದು ಆಫ್. ಸೆಲ್ಫ್ ಒತ್ತಿದರೆ ಸದ್ದೇ ಇಲ್ಲ. ರಸ್ತೆ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ನಿಲ್ಲಿಸಿದರೆ, ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಗ್ಯಾರೇಜಿಗೆ ಒಯ್ದೆ. "ಅಣ್ಣಾ, ಗಾಡಿ ಆಫ್ ಆಗ್ತಿದೆ" ಎಂದೆ. ನಾನು ಹೇಳಿದ್ದು ಅಷ್ಟೇ. ಪ್ಲಗ್ ಬದಲಾಯಿತು. ಮುಂದಿನ ವಾರ ಸಿಡಿಐ, ಅಂದರೆ ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಸಣ್ಣ ಪೆಟ್ಟಿಗೆ, ಬದಲಾಯಿತು. ಆಮೇಲೆ ಬ್ಯಾಟರಿ. ಒಟ್ಟು 3,500 ರೂಪಾಯಿ. ಗಾಡಿ ಮಾತ್ರ ಮೊದಲಿನ ಹಾಗೇ ನಿಲ್ಲುತ್ತಿತ್ತು.

ಒಂದು ಭಾನುವಾರ ಸುಮ್ನೆ ಕೂತು, ಎಲ್ಲೆಲ್ಲಿ ನಿಂತಿತ್ತು ಎಂದು ಒಂದು ಹಾಳೆಯಲ್ಲಿ ಬರೆದೆ. ಯು ಟರ್ನ್. ಪೆಟ್ರೋಲ್ ಬಂಕ್ ಒಳಗೆ ತಿರುಗುವಾಗ. ಮನೆಯ ಗೇಟಿನ ಹತ್ತಿರ. ಮತ್ತೆ ಯು ಟರ್ನ್. ನೇರ ರಸ್ತೆಯಲ್ಲಿ ಒಮ್ಮೆಯೂ ನಿಂತಿರಲಿಲ್ಲ! ಕೆಳಗೆ ಹೋಗಿ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದೆ. ಆಫ್. ನೇರ ಮಾಡಿ ಸೆಲ್ಫ್ ಒತ್ತಿದೆ, ಸ್ಟಾರ್ಟ್. ಮತ್ತೆ ಬಲಕ್ಕೆ, ಮತ್ತೆ ಆಫ್.

ಜೊತೆಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಇಂಜಿನ್ ನಿಂತ ಕ್ಷಣವೇ ಮೀಟರಿನ ಹಸಿರು ನ್ಯೂಟ್ರಲ್ ಲೈಟೂ ಆರುತ್ತಿತ್ತು. ಹಾರ್ನೂ ಸತ್ತುಹೋಗುತ್ತಿತ್ತು. ಪ್ಲಗ್ ಹಾಳಾದರೆ ನ್ಯೂಟ್ರಲ್ ಲೈಟ್ ಯಾಕೆ ಆರಬೇಕು? ಸಿಡಿಐ ಹೋದರೆ ಹಾರ್ನ್ ಯಾಕೆ ನಿಲ್ಲಬೇಕು? ಎಲ್ಲವೂ ಒಟ್ಟಿಗೆ ಹೋಗುತ್ತಿದೆ ಎಂದರೆ, ಎಲ್ಲಕ್ಕೂ ಕರೆಂಟ್ ಕೊಡುವ ದಾರಿಯೇ ಕಟ್ ಆಗುತ್ತಿದೆ ಎಂದರ್ಥ. ಹೆಡ್‌ಲೈಟ್ ಡೂಮ್ ಬಿಚ್ಚಿ, ಕೀ ಸ್ವಿಚ್ಚಿನಿಂದ ಬರುವ ವೈರ್‌ಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದೆ. ಹ್ಯಾಂಡಲ್ ತಿರುಗಿದಾಗಲೆಲ್ಲ ಮಡಚಿಕೊಳ್ಳುವ ಜಾಗದಲ್ಲಿ ಒಂದು ವೈರ್ ಒಳಗೇ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ಮಾತ್ರ ಗಟ್ಟಿಯಾಗಿತ್ತು. ಒಂದು ಗೇಣು ಹೊಸ ವೈರ್ ಸೇರಿಸಿ, ಬೆಸುಗೆ ಹಾಕಿ, ಟೇಪ್ ಸುತ್ತಿದೆ. 20 ರೂಪಾಯಿಯ ಕೆಲಸ.

ಅವತ್ತಿನಿಂದ ನನ್ನ ಅಭಿಪ್ರಾಯ ಒಂದೇ. ಹಳೇ ಗಾಡಿ ಕೊಂಡವರು ರಿಪೇರಿ ಕಲಿಯದಿದ್ದರೂ ಪರವಾಗಿಲ್ಲ, ತೊಂದರೆ ಹುಡುಕುವುದನ್ನು ಕಲಿಯಲೇಬೇಕು. ಇದರಲ್ಲಿ ಮೆಕ್ಯಾನಿಕ್‌ಗಳನ್ನು ದೂರಲು ನನಗೆ ಮನಸ್ಸಿಲ್ಲ. ಅವರ ಮುಂದೆ ಬೆಳಿಗ್ಗೆಯಿಂದ ಹತ್ತು ಹದಿನೈದು ಗಾಡಿ ನಿಂತಿರುತ್ತವೆ. ಬಂದು ಹೋಗುವ ತೊಂದರೆ ಅವರ ಎದುರಿಗೇ ಆ ಹತ್ತು ನಿಮಿಷದಲ್ಲಿ ಬರಬೇಕಲ್ವಾ? ಗ್ಯಾರೇಜಿನಲ್ಲಿ ನನ್ನ ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ, ಹ್ಯಾಂಡಲ್ ನೇರವಾಗಿ ನಿಂತಿರುತ್ತಿತ್ತು. ಅಲ್ಲಿ ಅದು ಆಫ್ ಆಗುವುದಾದರೂ ಹೇಗೆ? ಯಾವಾಗ ನಿಂತಿತು, ಬಿಸಿಯಾಗಿತ್ತೋ ತಣ್ಣಗಿತ್ತೋ, ಮಳೆ ಇತ್ತೋ, ಲೈಟ್ ಉರಿಯುತ್ತಿತ್ತೋ, ಇದೆಲ್ಲ ಓಡಿಸುವವರಿಗೆ ಮಾತ್ರ ಗೊತ್ತು. ಅದನ್ನು ನಾವು ಹೇಳದಿದ್ದರೆ ಅವರು ಅಂದಾಜಿನ ಮೇಲೆ ಪಾರ್ಟ್ ಹಾಕುತ್ತಾರೆ. ಬೇರೆ ದಾರಿ ಅವರಿಗೂ ಇಲ್ಲ.

ಟಕ್ ಎಂದು ಸ್ವಿಚ್ ಆರಿಸಿದ ಹಾಗೆ ನಿಂತರೆ ಹೆಚ್ಚಾಗಿ ಅದು ಕರೆಂಟಿನ ತೊಂದರೆ. ಜಗ್ಗಿ, ಮಿಸ್ಸಿಂಗ್ ಹೊಡೆದು, ಪಿಕಪ್ ಕಳೆದುಕೊಂಡು ನಿಧಾನವಾಗಿ ನಿಂತರೆ ಹೆಚ್ಚಾಗಿ ಪೆಟ್ರೋಲಿನ ತೊಂದರೆ. ಪ್ರತಿ ಸಲವೂ ಹೀಗೇ ಎಂದು ಹೇಳಲಾಗದು. ಆದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದಕ್ಕೆ ಇಷ್ಟು ಸಾಕು.

ಕರೆಂಟಿಗೆ ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. 300 ರೂಪಾಯಿ ಆಸುಪಾಸಿನದು ಸಾಕು. ರಾತ್ರಿ ನಿಂತಿದ್ದ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ಇದ್ದರೆ ಚಾರ್ಜ್ ತುಂಬಿದೆ. 12ಕ್ಕೆ ಬಂದಿದ್ದರೆ ಖಾಲಿಯಾಗಿದೆ. ಈಗ ಸೆಲ್ಫ್ ಒತ್ತಿ. 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೊರಗಿದೆ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿ. ಸುಮಾರು 13.5ರಿಂದ 14.5ರ ಒಳಗೆ ನಿಲ್ಲಬೇಕು. ಏರದೆ 12ರಲ್ಲೇ ಕೂತರೆ ಚಾರ್ಜೇ ಆಗುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದು ಕೆಲವೇ ದಿನದಲ್ಲಿ ಮಲಗುತ್ತದೆ. 15 ದಾಟಿದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬಲ್ಬುಗಳು ಒಂದರ ಹಿಂದೆ ಒಂದು ಹೋಗುತ್ತವೆ. ಇಷ್ಟು ನೋಡಲು ಐದು ನಿಮಿಷ ಬೇಕು. ಈ ಐದು ನಿಮಿಷ ಇಲ್ಲದ ಕಾರಣಕ್ಕೆ ಎಷ್ಟು ಜನ ವರ್ಷಕ್ಕೆ ಎರಡು ಬ್ಯಾಟರಿ ಕೊಳ್ಳುತ್ತಾರೆ ಎಂದು ನೆನೆದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆಯದಿದ್ದರೆ ಅರ್ತ್, ಅಂದರೆ ಬ್ಯಾಟರಿಯ ಮೈನಸ್‌ಗೂ ಇಂಜಿನ್ನಿಗೂ ಇರುವ ಸಂಪರ್ಕ, ನೋಡಿ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಒತ್ತಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ವೈರಿನ ಬೋಲ್ಟ್ ಬಿಚ್ಚಿ, ತುಕ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿಯಾಗಿ ಕೂರಿಸಿ. ಹಿಂದಿನ ಮಾಲೀಕರು ದೊಡ್ಡ ಹಾರ್ನ್, ಎಲ್‌ಇಡಿ ಲೈಟ್ ಹಾಕಿಸಿದ್ದರೆ ಆ ಟೇಪ್ ಸುತ್ತಿದ ಜಾಗಗಳನ್ನು ಎಲ್ಲಕ್ಕಿಂತ ಮೊದಲು ನೋಡಿ. ನಾನು ಕಂಡ ಲೂಸ್ ಕಾಂಟ್ಯಾಕ್ಟ್‌ಗಳಲ್ಲಿ ಬಹಳಷ್ಟು ಅಲ್ಲೇ ಇದ್ದವು.

ಪೆಟ್ರೋಲಿನ ಕಡೆ ನನಗೆ ಬಹಳ ಇಷ್ಟವಾದ ಪರೀಕ್ಷೆ ಒಂದಿದೆ. ಗಾಡಿ ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿ, ಆಮೇಲೆ ಜಗ್ಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ ಎಂದುಕೊಳ್ಳಿ. ಮುಂದಿನ ಸಲ ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ, ಗಾಡಿ ತಕ್ಷಣ ಸ್ಟಾರ್ಟ್ ಆದರೆ, ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಮೇಲಿಂದ ಗಾಳಿ ಬರಬೇಕು. ತೂತಿನ ಧೂಳು ತೆಗೆದರೆ ಮುಗಿಯಿತು. ಇದೇ ಲಕ್ಷಣಕ್ಕೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬರೇಟರ್ ಬಿಚ್ಚಿ, ಅದರೊಳಗಿನ ಸಣ್ಣ ತೂತಿನ ಜೆಟ್ ಬದಲಿಸಿ, ಕೊನೆಗೆ ಇಂಜಿನ್ ಕೆಲಸ ಮಾಡಿಸಿದವರನ್ನೂ ನೋಡಿದ್ದೇನೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಈಗ ಬಂಕ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥೆನಾಲ್. ಎಥೆನಾಲ್ ನೀರು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಕೆಳಗೆ ಬೇರೆ ಪದರವಾಗಿ ಕೂರುತ್ತವೆ. ಕಾರ್ಬರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಿಡಿದು, ಬೆಳಕಿಗೆ ಇಟ್ಟರೆ ಪದರ ಕಾಣುತ್ತದೆ. ಇದನ್ನು ಇಂಜಿನ್ ತಣ್ಣಗಿದ್ದಾಗ, ಬಯಲಲ್ಲಿ ಮಾಡಿ. ಪ್ಲಗ್ಗಿನ ಕರೆಂಟ್ ನೋಡುವ ಕೆಲಸವನ್ನು ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇಟ್ಟುಕೊಳ್ಳಬೇಡಿ. ಒಂದು ಕಿಡಿ ಸಾಕು.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬರೇಟರ್ ಇಲ್ಲ, ಪೆಟ್ರೋಲ್ ಪಂಪ್ ಮತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇವೆ. ಕೀ ಆನ್ ಮಾಡಿದಾಗ ಟ್ಯಾಂಕ್ ಒಳಗೆ ಎರಡು ಕ್ಷಣ ಪಂಪಿನ ಸಣ್ಣ ಸದ್ದು ಬರಬೇಕು. ಬರದಿದ್ದರೆ ಮೊದಲು ಫ್ಯೂಸ್ ಮತ್ತು ಬ್ಯಾಟರಿ ನೋಡಿ, ಮುಂದಿನದನ್ನು ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರಿಗೆ ಬಿಡಿ. ಬ್ರೇಕ್ ಬಿಚ್ಚುವುದನ್ನೂ ಗೊತ್ತಿರುವವರ ಜೊತೆ ಕೂತು ಕಲಿಯುವವರೆಗೆ ಒಬ್ಬರೇ ಮಾಡಬೇಡಿ.

"ಇದೆಲ್ಲ ನಮ್ಮ ಕೈಲಿ ಆಗುತ್ತಾ?" ಎಂದು ಕೇಳುವವರಿಗೆ ಮೈಸೂರನ್ನು ನೆನಪಿಸುತ್ತೇನೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಜಾವಾ, ಆಮೇಲೆ ಯೆಜ್ಡಿ ಬಂದವು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತಿದ್ದ ಗಾಡಿಗಳು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಇವತ್ತಿಗೂ ಓಡುತ್ತಿವೆ. ಓಡಿಸುವವರಲ್ಲಿ ಎಷ್ಟೋ ಜನ ಮೆಕ್ಯಾನಿಕ್ ಅಲ್ಲ. ಪ್ಲಗ್ ಬಿಚ್ಚಿ ಬಣ್ಣ ನೋಡಿ, ಇಟ್ಟಿಗೆ ಕಂದು ಇದ್ದರೆ ಸರಿ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಕಡಿಮೆ ಎಂದು ಹೇಳಬಲ್ಲ ಸಾಮಾನ್ಯ ಜನ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಏನು ಮಾಡಿದಿರಿ, ಏನಾಯಿತು ಎಂದು ಬರೆದಿಡಿ. ಆ ಹಾಳೆಯನ್ನೇ ಗ್ಯಾರೇಜಿಗೆ ಒಯ್ದು ತೋರಿಸಿ. ನಾನು ಈಗ ಹಾಗೇ ಮಾಡುತ್ತೇನೆ. ನಮ್ಮ ಗ್ಯಾರೇಜಿನ ಅಣ್ಣ ಗಾಡಿ ಮುಟ್ಟುವ ಮೊದಲು ಆ ಹಾಳೆ ಕೇಳುತ್ತಾರೆ.

ಆ ಗಾಡಿ ಇನ್ನೂ ನನ್ನ ಹತ್ತಿರ ಇದೆ. ಈ ವಾರ ಎಡಗಡೆ ಇಂಡಿಕೇಟರ್ ಬೇಗ ಬೇಗ ಮಿಟುಕುತ್ತಿದೆ, ಬಲಗಡೆಯದು ಸರಿ ಇದೆ. ಹಾಗಾದರೆ ಎರಡೂ ಕಡೆಯ ಲೈಟ್ ಮಿಟುಕಿಸುವ ಫ್ಲ್ಯಾಶರ್ ಚೆನ್ನಾಗಿದೆ, ಎಡಗಡೆ ಒಂದು ಬಲ್ಬ್ ಹೋಗಿರಬೇಕು ಅಥವಾ ಅದರ ಹೋಲ್ಡರಿಗೆ ತುಕ್ಕು ಹಿಡಿದಿರಬೇಕು. ನಾಳೆ ಬೆಳಿಗ್ಗೆ ಬಿಚ್ಚಿ ನೋಡುತ್ತೇನೆ.